ರೊಟ್ಟಿ ಅಂಗಡಿಯ ಪಾಲು

ಬೈಲಹೊಂಗಲದಲ್ಲಿ ನನ್ನ ಖರೇ ಹೆಸರು ಗೊತ್ತಿದ್ದವರು ಕಡಿಮೆ. ಸಂತೆಗೆ ಹೋದರೆ, ಬಸ್ಸು ಹತ್ತಿದರೆ, ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ನಾನು ‘ಸೋಡಚೀಟಿ ಬಾಯಾರು’. ಗಂಡ ಹೆಂಡತಿ ಬೇರೆಯಾಗುವುದಕ್ಕೆ ನಮ್ಮ ಕಡೆ ಸೋಡಚೀಟಿ ಅನ್ನುತ್ತಾರೆ, ಮೇಡಂಗೆ ಬಾಯಾರು. ನಾನು ವಕೀಲಳಲ್ಲ, ಯಾರ ಮನೆಯನ್ನೂ ಮುರಿದವಳಲ್ಲ. ಅರ್ಧ ನೌಕರಿಯನ್ನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕಳೆದು, ಉಳಿದರ್ಧವನ್ನು ಅದೇ ಬ್ಯಾಂಕಿನ ಹಣಕಾಸು ಸಲಹಾ ಕೇಂದ್ರದಲ್ಲಿ ಕಳೆದವಳು. ಆದರೂ ಹೆಸರು ಅಂಟಿಕೊಂಡಿತು. ನನಗೇನೂ ಬೇಜಾರಿರಲಿಲ್ಲ, ನಮ್ಮ ಯಜಮಾನರು ಮಾತ್ರ ಗೊಣಗುತ್ತಿದ್ದರು.

“ನಿನ್ನ ಜೋಡಿ ಪ್ಯಾಟಿಗಿ ಬಂದ್ರ ಮಂದಿ ನನ್ನ ಹೆಂಗ ನೋಡತಾರ ಗೊತ್ತೇನು? ಇಂವಾ ಇನ್ನೂ ಹೆಂಗ ಉಳದಾನ ಅಂತ!”

ಈಗ ನನ್ನ ಜಾಗಕ್ಕೆ ಹೊಸ ಹುಡುಗಿ ಬಂದಿದ್ದಾಳೆ. ಚುರುಕು ಹುಡುಗಿ. “ಮೇಡಂ, ಈ ಕೆಲಸದಾಗ ಏನ್ ಮಾಡಬೇಕ್ರಿ?” ಎಂದು ಕೇಳಿದಳು. ಸುತ್ತೋಲೆಗಳಲ್ಲಿ ಎಲ್ಲ ಬರೆದಿದೆ ಎಂದೆ. ಆಮೇಲೆ ಮನೆಗೆ ಬಂದು ಯೋಚಿಸಿದರೆ, ಸುತ್ತೋಲೆಯಲ್ಲಿ ಏನೂ ಬರೆದಿಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಕಾಗದದ ಮೇಲೆ ಬಹಳ ಸಾತ್ವಿಕವಾದದ್ದು. ಬೈಲಹೊಂಗಲದಲ್ಲಿ ಕಚೇರಿ. ವಾರಕ್ಕೊಂದು ದಿನ ಕಿತ್ತೂರು, ಒಂದು ದಿನ ಸವದತ್ತಿ, ಒಂದು ದಿನ ರಾಮದುರ್ಗ. ಆಯಾ ಊರಿನ ಶಾಖೆಯಲ್ಲಿ ಬಾಗಿಲ ಪಕ್ಕಕ್ಕೆ ಒಂದು ಟೇಬಲ್ಲು, ಎರಡು ಕುರ್ಚಿ. ಉಳಿತಾಯ ಹೇಗೆ ಮಾಡಬೇಕು, ಸಾಲ ಹೇಗೆ ತೀರಿಸಬೇಕು ಎಂದು ಜನರಿಗೆ ತಿಳಿಸಿ ಹೇಳುವುದು. ಗಂಡಸರು ಬಂದರೆ ಸಬ್ಸಿಡಿ ಎಲ್ಲಿ ಸಿಗುತ್ತದೆ ಎಂದು ಕೇಳಿ ಎದ್ದು ಹೋಗುತ್ತಿದ್ದರು. ಹೆಂಗಸರು ಮಾತ್ರ ಬಂದು ಕೂತು, ಉಳಿತಾಯದ ಬಗ್ಗೆ ನಾನು ಹೇಳುವುದನ್ನೆಲ್ಲ ಮರ್ಯಾದೆಗೆ ಕೇಳಿಸಿಕೊಂಡು, ಹಿಂದಕ್ಕೊಮ್ಮೆ ತಿರುಗಿ ನೋಡಿ, ದನಿ ಸಣ್ಣದು ಮಾಡಿ ಬೇರೆಯದನ್ನೇ ಕೇಳುತ್ತಿದ್ದರು.

ನನ್ನ ಮೊದಲ ಸಾಹೇಬರು ಧಾರವಾಡದವರು, ಬೆಣ್ಣೆಯಂಥ ಮನುಷ್ಯ. ಯಾವ ಸಂಸಾರ ಒಡೆಯುತ್ತದೆ ಎಂದರೂ ಅವರ ಕಣ್ಣಲ್ಲಿ ನೀರು. ಚಹಾ ತರಿಸಿ, ಚೂಡಾದ ಪೊಟ್ಟಣ ಬಿಚ್ಚಿ, “ಹೊಂದಿಕೊಂಡು ಹೋಗ್ರಿ, ಎಲ್ಲಾರ ಮನ್ಯಾಗೂ ಇರೂದ” ಎನ್ನುತ್ತಿದ್ದರು. ಕಿತ್ತೂರಿನಲ್ಲಿ ಒಬ್ಬ ಸಾಲಿ ಟೀಚರು ಬಂದು, ತನ್ನ ಹೆಸರಿನಲ್ಲೇ ಒಂದು ಪ್ರತ್ಯೇಕ ಖಾತೆ ಬೇಕು, ಪಗಾರ ಅದಕ್ಕೆ ಬರುವ ಹಾಗೆ ಮಾಡಿಕೊಡಿ ಎಂದು ಕೇಳಿದಳು. ಸಾಹೇಬರಿಗೆ ಅವಳ ಗಂಡನ ಪರಿಚಯವಿತ್ತು. ಒಳ್ಳೆಯದಾಗಲಿ ಎಂದೇ ಫೋನ್ ಹಚ್ಚಿ, “ನಿಮ್ಮ ಮನಿಯವರು ಬಂದಿದ್ರು, ಸ್ವಲ್ಪ ಸಮಾಧಾನ ಮಾಡ್ರಿ” ಎಂದುಬಿಟ್ಟರು. ಮರುದಿನದಿಂದ ಟೀಚರ ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿ. ಅವಳು ಮತ್ತೆ ನಮ್ಮ ಟೇಬಲ್ಲಿನ ಹತ್ತಿರ ಬರಲಿಲ್ಲ. ಸಾಹೇಬರು ಚೂಡಾ ತರಿಸುವುದನ್ನು ಬಿಟ್ಟರು. ಬಂದವರ ಸುದ್ದಿ ಟೇಬಲ್ಲಿನಿಂದ ಆಚೆಗೆ ಹೋಗಬಾರದು ಎಂದು ನಮಗೆ ಕಲಿಸಿಕೊಟ್ಟವಳು ಆ ಟೀಚರು.

ಹೊಸಬರಿಗೆ ಇನ್ನೊಂದು ಮಾತು. ಮೊದಲೆಲ್ಲ ಹೆಂಗಸರು ಪಾಸ್‌ಬುಕ್ಕನ್ನು ತವರುಮನೆಯ ಹಿಟ್ಟಿನ ಡಬ್ಬಿಯಲ್ಲಿ ಇಟ್ಟರೆ ಸಾಕಿತ್ತು. ಈಗ ಖಾತೆ ಹೆಂಡತಿಯದು, ಫೋನ್ ನಂಬರು ಗಂಡನದು. ಇವಳು ಇಲ್ಲಿ ನೂರು ರೂಪಾಯಿ ಕಟ್ಟಿದರೆ ಅಲ್ಲಿ ಅವನ ಜೇಬಿನಲ್ಲಿ ಮೆಸೇಜು. ಮೊದಲು ಅದನ್ನು ಕೇಳಿರಿ. ಮಿಕ್ಕಿದ್ದು ಆಮೇಲೆ.

ಕಸ್ತೂರಿ ಬಂದದ್ದು ಸವದತ್ತಿಯ ದಿನ. ಮೂವತ್ತೈದರ ಆಸುಪಾಸು, ಸೆರಗಿನ ತುದಿಗೆ ಜೋಳದ ಹಿಟ್ಟು. ಕುಂಡ್ರಿ ಎಂದರೂ ಕೂರದೆ ನಿಂತೇ ಕೇಳಿದಳು.

“ಬಾಯಾರ, ಸೋಡಚೀಟಿ ತಗೊಳ್ಳಾಕ ಎಷ್ಟ ರೊಕ್ಕ ಬೇಕಾಗತೈತ್ರಿ?”

“ತಗೊಳ್ಳಾಕ ಭಾಳ ಬೇಕಾಗಂಗಿಲ್ಲವಾ. ತಗೊಂಡ ಮ್ಯಾಲ ಬೇಕಾಗತೈತಿ. ಮೊದಲ ಕುಂಡ್ರು.”

ಕೂತಳು. ಸಿರಸಂಗಿಯ ಹುಡುಗಿ, ಸವದತ್ತಿಗೆ ಕೊಟ್ಟಿದ್ದರು. ಗಂಡ ಈರಣ್ಣ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವವನು. ಒಬ್ಬಳೇ ಮಗಳು, ಎಂಟನೆಯ ಇಯತ್ತೆ. ಕಸ್ತೂರಿ ಮತ್ತು ಅವಳ ಅತ್ತೆ ಗಂಗವ್ವ ಸೇರಿ ಬಸ್ ಸ್ಟ್ಯಾಂಡಿನ ಹತ್ತಿರ ರೊಟ್ಟಿ ಅಂಗಡಿ ನಡೆಸುತ್ತಿದ್ದರು. ಕಡಕ್ ರೊಟ್ಟಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನವಿಲುತೀರ್ಥದ ನೀರಾವರಿ ಕಚೇರಿಯವರಿಂದ ಹಿಡಿದು ರಾಮದುರ್ಗದ ಖಾನಾವಳಿಗಳ ತನಕ ಗಿರಾಕಿ.

“ಹೊಡೀತಾನೇನು? ಕುಡೀತಾನೇನು?”

“ಇಲ್ರಿ. ದೇವರಂಥಾ ಮನಶ್ಯಾ. ಊರಿಗೆಲ್ಲಾ ದೇವರು.”

ಆ ‘ಊರಿಗೆಲ್ಲಾ’ ಎನ್ನುವಲ್ಲೇ ಎಲ್ಲ ಇತ್ತು. ಈರಣ್ಣನಿಗೆ ಇಲ್ಲ ಅನ್ನಲು ಬಾರದು. ಯಾರ ಸಾಲಕ್ಕೆ ಯಾರು ಕರೆದರೂ ಹೋಗಿ ಜಾಮೀನು ಸಹಿ ಹಾಕುವನು. ಸಾಲ ತಗೊಂಡವರು ಕಟ್ಟದೇ ಹೋದರೆ ಇವನು ಕಟ್ಟುವನು. ಕೈಯಲ್ಲಿ ಇಲ್ಲದಿದ್ದರೆ ಕಸ್ತೂರಿಯ ಬಂಗಾರ ಗಿರವಿಗೆ. ಗೆಳೆಯನ ಟ್ರ್ಯಾಕ್ಟರಿನ ಕಂತಿಗಾಗಿ ಅವಳ ತವರಿನ ಪಾಟ್ಲಿ ಬಳೆಗಳು ಹೋದದ್ದು ಅವಳಿಗೆ ಗೊತ್ತಾದದ್ದು ತಂಗಿಯ ಮದುವೆಗೆ ಹೊರಟು ಟ್ರಂಕು ತೆಗೆದಾಗ. ಬರಿಗೈಯಲ್ಲಿ ಮದುವೆಗೆ ಹೋಗಿ, ಬರಿಗೈಯಲ್ಲಿ ಅಕ್ಕಿಕಾಳು ಹಾಕಿ ಬಂದಳಂತೆ. ಆವತ್ತೇ ಗಟ್ಟಿ ಮಾಡಿಕೊಂಡೆ ಎಂದಳು.

ನಾನು ಅವಳಿಗೆ ಒಂದೇ ಕೆಲಸ ಹೇಳಿದೆ. “ಮನಿ, ಅಂಗಡಿ, ಗ್ಯಾಸು, ಏನೇನ ಐತಿ ಎಲ್ಲಾ ಯಾರ ಹೆಸರಿಲೆ ಐತಿ ತಿಳಕೊಂಡ ಬಾ. ಜಗಳಾ ಮಾಡಬ್ಯಾಡ, ಸುಮ್ಕ ತಿಳಕೊ.”

ಮುಂದಿನ ವಾರ ಬಂದಳು. ನಗುತ್ತಲೇ ಹೇಳಿದಳು. “ಅಂಗಡಿ ಭಾಡಿಗಿ ಕರಾರು ಅವರ ಹೆಸರಿಲೆ ಐತ್ರಿ. ಲೈಸನ್ಸು ಅವರದು. ಗಿರಾಕಿ ಸ್ಕ್ಯಾನ್ ಮಾಡಿದ್ರ ರೊಕ್ಕ ಅವರ ಖಾತೆಕ್ಕ. ಹಿಟ್ಟ ನಾದೂ ಮಶೀನಿನ ಸಾಲಕ್ಕ ಮಾತ್ರ ನನ್ನ ಸಹಿನೂ ಐತಿ. ನನ್ನ ಹೆಸರಿಲೆ ಇರೂದು ಸಾಲ ಒಂದ ನೋಡ್ರಿ!”

ನಾನೂ ನಕ್ಕೆ. ಹಿಟ್ಟು ನಾದಿ ರೊಟ್ಟಿ ಬಡಿದ ಇಷ್ಟು ವರ್ಷಗಳಲ್ಲಿ ಅವಳ ಸ್ವಂತ ಹೆಸರಿಗೆ ಒಂದು ಖಾತೆ ಇರಲಿಲ್ಲ.

ಆವತ್ತೇ ತೆರೆಸಿದೆವು. ಅವಳದೇ ಫೋನ್ ನಂಬರು. ಅಂಗಡಿಯಲ್ಲಿ ತನ್ನ ದುಡಿಮೆಯ ಪಾಲು ತನಗೆ ಬರಬೇಕು, ಕದ್ದು ಮುಚ್ಚಿ ಬೇಡ, ಈರಣ್ಣನಿಗೆ ಹೇಳಿಯೇ ಮಾಡು ಎಂದೆ. ಹೇಳಿದಳು. ಇಲ್ಲ ಅನ್ನಲು ಬಾರದ ಮನುಷ್ಯ ಇದಕ್ಕೂ ಹೂಂ ಅಂದ. ಹಾಗಾಗಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಎರಡು ಸ್ಕ್ಯಾನ್ ಫಲಕಗಳು ಅಕ್ಕಪಕ್ಕ ನಿಂತವು. ಎಡಕ್ಕೆ ಈರಣ್ಣ, ಬಲಕ್ಕೆ ಕಸ್ತೂರಿ. ಬಿಸಿ ರೊಟ್ಟಿಯ ರೊಕ್ಕ ಎಡಕ್ಕೆ, ಕಡಕ್ ರೊಟ್ಟಿಯದು ಬಲಕ್ಕೆ ಎಂದು ಇಬ್ಬರೂ ಮಾತಾಡಿಕೊಂಡರು.

ಒಪ್ಪಂದವೇನೋ ಚೆನ್ನಾಗಿತ್ತು. ಆದರೆ ಗಂಗವ್ವನನ್ನು ಯಾರೂ ಕೇಳಿರಲಿಲ್ಲ. ಎಪ್ಪತ್ತಕ್ಕೆ ಹತ್ತಿರದ ಮುದುಕಿ, ಹೆಂಚಿನ ಮುಂದೆ ಕೂತರೆ ಸೇನಾಪತಿ. ಒಂದು ಸಲ ನಾನೇ ಊಟಕ್ಕೆ ಹೋಗಿ ಕಣ್ಣಾರೆ ನೋಡಿದೆ. ಬಿಸಿ ರೊಟ್ಟಿ ತಿಂದು ಎದ್ದ ನೀರಾವರಿ ಕಚೇರಿಯ ಒಬ್ಬರು ಫೋನನ್ನು ಎಡ ಫಲಕದ ಕಡೆ ಹಿಡಿದರು. ಮುದುಕಿ ರೊಟ್ಟಿ ಮಗುಚುವ ಸಟ್ಟುಗದಿಂದ ಬಲಕ್ಕೆ ತೋರಿಸಿದಳು.

“ಅದು ಕೆಟ್ಟೈತ್ರಿ ಸಾಹೇಬ್ರ. ಈ ಕಡೆ ಹೊಡೀರಿ.”

“ನಿನ್ನೆ ಚಲೋ ಇತ್ತಲ್ಲಬೇ?”

“ನಿನ್ನೆ ಸಂಜೀಗಿ ಕೆಟ್ಟೈತಿ.”

ಕಸ್ತೂರಿ ಒಳಗಿಂದ, “ಅತ್ತೀ, ಹಂಗ ಮಾಡಬ್ಯಾಡ್ರಿ, ಮಾತ ಅಂದ್ರ ಮಾತು” ಎಂದು ಕೂಗಿದಳು. ಮುದುಕಿ ಕಿವಿ ಕೇಳದವಳ ಹಾಗೆ ಇನ್ನೊಂದು ರೊಟ್ಟಿ ಬಡಿದಳು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಈರಣ್ಣ ನನ್ನ ಟೇಬಲ್ಲಿಗೆ ಬಂದಾಗ ನಾನು ಸ್ವಲ್ಪ ಬಿಗಿಯಾಗಿಯೇ ಕೂತಿದ್ದೆ. ಜಗಳಕ್ಕೆ ಬಂದ ಗಂಡಂದಿರನ್ನು ಕಂಡಿದ್ದೇನೆ. ರಾಮದುರ್ಗದಲ್ಲಿ ಒಬ್ಬ ನನ್ನ ಟೇಬಲ್ಲನ್ನೇ ಬೋರಲು ಹಾಕಿದ್ದ. ಇವನು ಹಣ್ಣಿನ ಪೊಟ್ಟಣ ಹಿಡಿದುಕೊಂಡು ಬಂದಿದ್ದ.

“ಬಾಯಾರ, ಆಕೀಗಿ ಚಲೋ ಹೇಳಿಕೊಟ್ಟೀರಿ. ನನಗೂ ಸ್ವಲ್ಪ ಹೇಳ್ರಿ. ನಾ ಏನ್ ಮಾಡಬೇಕ್ರೀಗ?”

“ನೀವು ಸಹಿ ಮಾಡೂದು ಬಿಡ್ರಿ.”

“ಅದೊಂದ ಬಿಟ್ಟು ಬ್ಯಾರೇದ ಏನರ ಹೇಳ್ರಿ” ಎಂದ. ತಮಾಷೆಗೆ ಹೇಳಲಿಲ್ಲ, ನಿಜವಾಗಿಯೇ ಹೇಳಿದ. ಮುಖ ಕೆಳಗೆ ಹಾಕಿ, “ಮಂದಿ ಬಾಗಲಕ್ಕ ಬಂದು ನಿಂತ್ರ ನನ್ನ ಜೀವಾ ತಡಿಯಂಗಿಲ್ರಿ” ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ, ಅವನ ಜೊತೆ ಸಂಸಾರ ಮಾಡುವುದು ಇನ್ನೆಷ್ಟು ಕಷ್ಟ ಎಂದು ನನಗೆ ಆಗ ಅರ್ಥವಾಯಿತು.

ಇಬ್ಬರೂ ಒಪ್ಪಿ ಬೇರೆಯಾಗುವುದೆಂದು ತೀರ್ಮಾನವಾಗಿತ್ತು. ವಕೀಲರು ಕಾಗದ ತಯಾರು ಮಾಡುವ ಮೊದಲು, ಯಾರಿಗೆ ಏನು ಎಂಬುದನ್ನು ನನ್ನ ಮುಂದೆ ಕೂತು ಬಗೆಹರಿಸಿಕೊಳ್ಳುತ್ತೇವೆ ಎಂದರು. ಶಾಖೆಯ ಹಿಂದಿನ ಕೋಣೆ ಬಿಡಿಸಿಕೊಟ್ಟೆ. ಈರಣ್ಣ ಕೂತವನೇ ದಾನಶೂರ ಕರ್ಣನಾದ.

“ಮನಿ ಆಕೀಗೇ ಇರಲಿ. ತಿಂಗಳಾ ತಿಂಗಳಾ ಹದಿನೈದು ಸಾವಿರ ಕೊಡತೇನಿ. ಮಗಳ ಸಾಲಿ ಖರ್ಚು ನಂದು. ಮದುವಿ ಖರ್ಚು ನಂದು.”

ಕಸ್ತೂರಿಯ ಜೊತೆ ಬಂದ ಅಣ್ಣ, “ಮತ್ತೇನ ಬೇಕವಾ? ಸ್ವಂತ ಮನಿ! ಹೂಂ ಅನ್ನು” ಎಂದ. ಅವಳ ಕಣ್ಣು ಅರಳಿತ್ತು. ಹೆಂಗಸಿಗೆ ಮನೆ ಎಂದರೆ ಏನು ಎಂದು ನನಗೆ ಗೊತ್ತಿಲ್ಲವೇ? ಅವಳು ಹೂಂ ಅನ್ನುವ ಮೊದಲು ನಾನು ಈರಣ್ಣನನ್ನು ಕೇಳಿದೆ.

“ಈರಣ್ಣ, ಮನಿ ಮ್ಯಾಲ ಏನರ ಐತೇನು?”

ಅವನು ಫ್ಯಾನು ನೋಡಿದ. ಕಿಟಕಿ ನೋಡಿದ. “ಸ್ವಲ್ಪ ಐತ್ರಿ” ಎಂದ. ಮಾವನ ಮಗನೊಬ್ಬ ಸೊಸೈಟಿಯಲ್ಲಿ ಸಾಲ ಎತ್ತುವಾಗ ಇವನು ಮನೆಯನ್ನೇ ಒತ್ತೆ ಇಟ್ಟಿದ್ದ. ಅಣ್ಣ ಎದ್ದು ನಿಂತು ಏನೋ ಅನ್ನಲು ಹೊರಟ. ಕಸ್ತೂರಿ ಅವನ ಕೈ ಹಿಡಿದು ಕೂರಿಸಿ, ನನ್ನ ಕಡೆ ತಿರುಗಿದಳು.

“ಬಾಯಾರ, ನೀವಽ ಹೇಳ್ರಿ.”

ಹೊಸಬರೇ, ಇದನ್ನು ಮಾತ್ರ ನೆನಪಿಡಿ. ಇಂಥ ಹೊತ್ತಿನಲ್ಲಿ ‘ಇದನ್ನೇ ಮಾಡು’ ಎಂದು ಹೇಳಬಾರದು. ನಾಳೆ ಅದರೊಳಗೆ ಬದುಕುವವರು ಅವರು. ನಾನು ಇದ್ದದ್ದನ್ನು ಬಿಡಿಸಿ ಇಟ್ಟೆ, ಅಷ್ಟೇ. ಮನೆ ತಗೊಂಡರೆ ಅದರ ಬೆನ್ನಿಗಿರುವ ಸಾಲವೂ ಬರುತ್ತದೆ. ತಿಂಗಳಿಗೆ ಹದಿನೈದು ಸಾವಿರ ಎನ್ನುವುದು ಈರಣ್ಣನ ಬಾಯಲ್ಲಿದೆ, ಕೈಯಲ್ಲಿಲ್ಲ. ಅಂಗಡಿ ಸಣ್ಣದು, ಆದರೆ ದಿನಾ ದುಡಿಯುತ್ತದೆ. ಬಂಗಾರ ಅವಳ ತವರಿನದು, ಅದನ್ನು ಬಿಡಿಸಿಕೊಡುವುದು ಅವನ ಜವಾಬ್ದಾರಿ. ಮಶೀನಿನ ಸಾಲದಲ್ಲಿ ಇಬ್ಬರ ಸಹಿಯೂ ಇರುವುದರಿಂದ, ಬೇರೆಯಾದರೂ ಬ್ಯಾಂಕು ಇಬ್ಬರನ್ನೂ ಹಿಡಿಯುತ್ತದೆ.

“ಕೋರ್ಟು ಗಂಡಾ ಹೆಂಡತಿನ ಬಿಡಸತೈತಿ. ಸಾಲದಾಗಿಂದ ಬಿಡಸಂಗಿಲ್ಲ. ಅದನ್ನ ನಾವಽ ಬಿಡಿಸಿಕೋಬೇಕು” ಎಂದೆ.

ಅವಳು ಕೈಯ ಬಳೆ ತಿರುಗಿಸಿದಳು. ಆಮೇಲೆ ಹೇಳಿದಳು. “ಮನಿ ಬ್ಯಾಡ. ಅಂಗಡಿ ನನಗ ಬಿಡ್ರಿ. ಕರಾರು, ಲೈಸನ್ಸು, ಮಶೀನು ನನ್ನ ಹೆಸರಿಗಿ ಆಗಲಿ. ಮಶೀನಿನ ಸಾಲಾ ನಾನಽ ತೀರಸತೇನಿ. ಬಂಗಾರ ಬಿಡಿಸಿ ಕೊಡ್ರಿ. ಮಗಳಿಗಿ ತಿಂಗಳಾ ಐದು ಸಾವಿರ ನಿಮ್ಮ ಖಾತೇದಿಂದ ತಾನಽ ಹೋಗೂವಂಗ ಮಾಡ್ರಿ, ಕೇಳಾಕ ಬರಂಗಿಲ್ಲ ನಾ.”

ಅಣ್ಣ ತಲೆ ಚಚ್ಚಿಕೊಂಡ. “ಮನಿ ಬಿಟ್ಟು ರೊಟ್ಟಿ ಹೆಂಚು ತಗೋತಾಳ ಹುಚ್ಚಿ!” ಈರಣ್ಣ ಕಣ್ಣು ಒರೆಸಿಕೊಂಡು ಹೂಂ ಅಂದ. ಎಲ್ಲ ಮುಗಿಯಿತು ಎಂದು ನಾನು ನೀರು ಕುಡಿಯಲು ಎದ್ದೆ.

ಬಾಗಿಲಲ್ಲಿ ಗಂಗವ್ವ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಬಂದಿದ್ದಳು.

“ಎಲ್ಲಾ ಹಂಚಿದ್ರೇನು? ನಾ ಯಾರ ಪಾಲಿಗ್ರಿ?”

“ಯವ್ವಾ, ನೀ ನನ್ನ ಜೋಡಿ ಇರತಿಯಲ್ಲಾ” ಎಂದ ಈರಣ್ಣ.

“ನಿನ್ನ ಜೋಡಿ ಕುಂತು ಏನ್ ಮಾಡಲಿ? ಬಂದೋರಿಗೆಲ್ಲಾ ಚಾ ಕಾಸಲೇನು? ನಾ ಕಸ್ತೂರಿ ಜೋಡಿ ಹೊಕ್ಕೇನಿ.”

ಸಿನಿಮಾದಲ್ಲಾಗಿದ್ದರೆ ಅತ್ತೆ ಸೊಸೆ ಇಬ್ಬರೂ ಅಪ್ಪಿಕೊಂಡು ಅಳಬೇಕಾಗಿತ್ತು. ಕಸ್ತೂರಿ ಅಳಲಿಲ್ಲ. ಗೋಡೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು.

“ಅತ್ತೀ, ನೀವು ಚಲೋರೇ ಅದೀರಿ. ಆದ್ರ ನಾ ಮಗಳು ಇಬ್ಬರಽ ಇರಬೇಕಂತೇನ್ರಿ. ಹದಿನಾರು ವರ್ಷ ಎಲ್ಲಾರಿಗೂ ಕೇಳಿ ಕೇಳಿ ಬದುಕೇನಿ. ಇನ್ನ ಯಾರನೂ ಕೇಳದಽ ಒಂದ್ ದಿನ ಒಲಿ ಹಚ್ಚಬೇಕು.”

ಮುದುಕಿಯ ಮುಖ ಹೆಂಚಿನ ಹಾಗೆ ಕಪ್ಪಾಯಿತು. ಅಲ್ಲಿಯವರೆಗೆ ಅವಳಿಗೆ ಎದುರು ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಅವಳು ಮೆಲ್ಲಗೆ ಕುರ್ಚಿಯಲ್ಲಿ ಕೂತು, ಯಾರ ಮುಖವನ್ನೂ ನೋಡದೆ, “ಹಂಗಾರ ನನ್ನ ಕೈ ಏನ್ ಮಾಡಬೇಕು?” ಎಂದಳು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹಿಟ್ಟು ಬಡಿದು ಬಡಿದು ಅಂಗೈ ಹಲಗೆಯಾಗಿತ್ತು.

ಗಂಡನ ಪಾಲು, ಹೆಂಡತಿಯ ಪಾಲು, ಮಕ್ಕಳ ಪಾಲು ನನಗೆ ಗೊತ್ತಿತ್ತು. ಅರ್ಧ ಅಂಗಡಿಯನ್ನು ಕೈಯಿಂದ ಕಟ್ಟಿದ ಅತ್ತೆಯನ್ನು ಎಲ್ಲಿ ಇಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ದಾರಿ ತೋರಿಸಿದ್ದು ಕಸ್ತೂರಿಯೇ. “ಅಂಗಡ್ಯಾಗ ಬರ್ರಿ ಅತ್ತಿ. ಮನಿ ಬ್ಯಾರೆ, ಅಂಗಡಿ ಬ್ಯಾರೆ” ಎಂದಳು. ನಾನು ಆ ಎಳೆಯನ್ನು ಹಿಡಿದೆ. ಬರುವುದಾದರೆ ಸೊಸೆಯ ಮನೆಯ ಮುದುಕಿಯಾಗಿ ಬೇಡ, ಪಾಲುದಾರಳಾಗಿ ಬರಲಿ. ಅಂಗಡಿ ಇಬ್ಬರ ಹೆಸರಿನಲ್ಲಿ ಇರಲಿ, ಲಾಭದಲ್ಲಿ ಇಂತಿಷ್ಟು ಗಂಗವ್ವನ ಖಾತೆಗೆ ಹೋಗಲಿ. ಇರುವುದು ಮಗನ ಮನೆಯಲ್ಲಿ, ಔಷಧ ಉಪಚಾರದ ಖರ್ಚು ಮಗನದು.

ಗಂಗವ್ವ ಸುಲಭಕ್ಕೆ ಒಪ್ಪಲಿಲ್ಲ. “ಮನಿ ಮಂದಿ ಪಗಾರ ತಗೋತಾರೇನ್ರಿ?” ಎಂದಳು. ಪಗಾರ ಅಲ್ಲ, ಪಾಲು ಎಂದೆ. ಎಷ್ಟು ಎಂದಳು. ಹೇಳಿದೆ. ಸ್ವಲ್ಪ ಯೋಚಿಸಿ, ಚಟ್ನಿಯ ವ್ಯಾಪಾರ ಪೂರ್ತಿ ತನ್ನದೇ ಆಗಬೇಕು ಎಂದಳು! ಚಟ್ನಿಯ ಮೇಲೆ ಅತ್ತೆ ಸೊಸೆ ಅರ್ಧ ತಾಸು ಚೌಕಾಶಿ ಮಾಡಿದರು. ಈರಣ್ಣ ನಡುವೆ ಬಾಯಿ ಹಾಕಲು ಹೋದಾಗ ಇಬ್ಬರೂ ಒಟ್ಟಿಗೇ, “ನೀವು ಸುಮ್ಕಿರ್ರಿ”, “ನೀ ಸುಮ್ಕಿರು” ಎಂದರು. ಕೊನೆಗೆ ಗುರೆಳ್ಳು ಗಂಗವ್ವನಿಗೆ, ಶೇಂಗಾ ಅಂಗಡಿಗೆ ಎಂದಾಯಿತು.

ಕೋರ್ಟಿನ ಕೆಲಸ ಅದರ ಹೊತ್ತಿಗೆ ಮುಗಿಯಿತು. ಬೇರೆಯಾಗಲು ಕಾಯುವ ಆರು ತಿಂಗಳಲ್ಲಿ ಈರಣ್ಣ ತನ್ನ ಸ್ಕೂಟರು ಮಾರಿ ಪಾಟ್ಲಿಗಳನ್ನು ಬಿಡಿಸಿಕೊಟ್ಟ. ಅವನ ಬಗ್ಗೆ ಹೇಳುವಾಗ ಇದನ್ನೂ ಹೇಳಬೇಕು.

ಆಮೇಲಿನ ವರ್ಷ ಹೂವಿನ ದಾರಿಯಾಗಿರಲಿಲ್ಲ. ಜನ ವಿಚ್ಛೇದನದ ದಿನಕ್ಕೆ ತಯಾರಾಗುತ್ತಾರೆ, ಮರುದಿನಕ್ಕೆ ಆಗುವುದಿಲ್ಲ. ಬಾಡಿಗೆ ಮನೆಗೆ ಮುಂಗಡ, ಹೊಸ ರೇಷನ್ ಕಾರ್ಡು, ಹೊಸ ಗ್ಯಾಸು. ಆ ವರ್ಷ ಜೋಳದ ದರ ಏರಿತು. ಮಶೀನಿನ ಮೋಟಾರು ಸುಟ್ಟಿತು. ಒಂದು ದಿನ ಕಸ್ತೂರಿ ನನ್ನ ಟೇಬಲ್ಲಿಗೆ ಬಂದು, “ತಪ್ಪ ಮಾಡಿದೆನೇನ್ರಿ ಬಾಯಾರ?” ಎಂದು ಅತ್ತಳು. ಆರು ತಿಂಗಳ ಖರ್ಚಿನ ಹಣವನ್ನು ಮೊದಲೇ ತೆಗೆದಿಡು, ಅದನ್ನು ಮುಟ್ಟಬೇಡ ಎಂದು ನಾನು ಬೇರೆಯಾಗುವ ಮುಂಚೆಯೇ ಗಂಟು ಬಿದ್ದು ಹೇಳಿದ್ದೆ. ಅವಳು ಹಾಗೇ ಇಟ್ಟಿದ್ದಳು. ಮುಟ್ಟುವ ಹೊತ್ತು ಬಂದಿದೆ, ಅಳದೆ ಮುಟ್ಟು ಎಂದೆ. ಮೋಟಾರು ಸುತ್ತಿಕೊಟ್ಟವನು ಈರಣ್ಣ. ಅವನು ದುಡ್ಡು ಬೇಡ ಎಂದರೂ ಬಿಡದೆ ಕಸ್ತೂರಿ ಬಿಲ್ಲು ಕೇಳಿದಳು. ಅವನು ಅಲ್ಲೇ ನಿಂತು ತಂತಿಯ ಖರ್ಚು ಎಷ್ಟು, ಕೂಲಿ ಎಷ್ಟು ಎಂದು ಹೇಳಿ ದುಡ್ಡು ತಗೊಂಡನಂತೆ. ಬದುಕಿನಲ್ಲಿ ಮೊದಲ ಸಲ ಅವನು ಕೂಲಿ ಬಿಡಲಿಲ್ಲ ಎಂದು ಗಂಗವ್ವ ಊರಿಗೆಲ್ಲ ಹೇಳಿದಳು.

ನಾನು ನಿವೃತ್ತಳಾಗುವ ವಾರ ಸವದತ್ತಿಗೆ ಕೊನೆಯ ಸಲ ಹೋದೆ. ಹೊಸ ಹುಡುಗಿಯನ್ನೂ ಕರೆದುಕೊಂಡು ಹೋಗಿದ್ದೆ. ಹನ್ನೊಂದರ ಹೊತ್ತಿಗೆ ಗಂಗವ್ವ ಬಂದಳು, ಹಿಂದೆಯೇ ಕಸ್ತೂರಿ. ಮುದುಕಿಗೆ ತನ್ನ ಖಾತೆಗೆ ವಾರಸುದಾರರ ಹೆಸರು ಸೇರಿಸಬೇಕಿತ್ತು. ತಾನು ಹೋದ ಮೇಲೆ ಆ ದುಡ್ಡು ಯಾರ ಕೈಗೆ ಬರಬೇಕು ಎನ್ನುವುದು.

“ಯಾರ ಹೆಸರು ಹಾಕೋಣ ಅಜ್ಜಿ?” ಎಂದು ಹುಡುಗಿ ಕೇಳಿದಳು.

“ಈಕೀದು” ಎಂದು ಮುದುಕಿ ಗದ್ದದಿಂದ ಕಸ್ತೂರಿಯ ಕಡೆ ತೋರಿಸಿದಳು.

ಕಸ್ತೂರಿಗೆ ಅದು ಗೊತ್ತಿರಲಿಲ್ಲ. ಕಣ್ಣು ಮಂಜಾದ ಮುದುಕಿ ಸಹಾಯಕ್ಕೆಂದು ಕರೆದಿದ್ದಾಳೆ ಎಂದೇ ತಿಳಿದಿದ್ದಳು.

“ಸಂಬಂಧ ಏನ್ರಿ?” ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

ಗಂಗವ್ವ ಯೋಚಿಸಿದಳು. ಸೊಸೆ ಅನ್ನುವಂತಿಲ್ಲ. ಮಗಳೂ ಅಲ್ಲ. ಹುಡುಗಿ ನನ್ನ ಮುಖ ನೋಡಿದಳು. ಇಷ್ಟು ವರ್ಷ ಕೂತ ನನಗೂ ಆ ಖಾನೆಗೆ ಸರಿಯಾದ ಶಬ್ದ ಹೊಳೆಯಲಿಲ್ಲ. ಕೌಂಟರಿನ ಮುಂದೆ ಸಾಲು ಬೆಳೆಯುತ್ತಿತ್ತು.

ಕಸ್ತೂರಿ ಸೆರಗಿನಿಂದ ಕಣ್ಣು ಒತ್ತಿಕೊಂಡು, ಮುದುಕಿಯ ತೋಳು ಹಿಡಿದು ಎಬ್ಬಿಸುತ್ತ ಹುಡುಗಿಗೆ ಹೇಳಿದಳು.

“ಏನ್ ಬರೀತೀರಿ ಬರೀರಿ, ಆದ್ರ ಲಗೂನ ಬರೀರಿ. ಅಂಗಡ್ಯಾಗ ಹೆಂಚು ಕಾಯಾಕತ್ತೈತಿ.”